ಗುರು, ಲಘು ಮತ್ತು ಹಾಲಿನ ಲೆಕ್ಕ

ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಕೂತು ಟಿ. ನರಸೀಪುರದ ಬಸ್ಸಿಗೆ ಕಾಯುವುದೂ ಒಂದು ಬಗೆಯ ಸಾಧನೆಯೇ. ಕಾದು ಕಾದು ಇನ್ನೇನು ವೈರಾಗ್ಯ ಹುಟ್ಟಬೇಕು ಅನ್ನುವಷ್ಟರಲ್ಲಿ ಬಸ್ಸು ಬಂದುಬಿಡುತ್ತದೆ. ಸೀಟು ಹಿಡಿಯುವ ಗಡಿಬಿಡಿಯಲ್ಲಿ ಹುಟ್ಟಬೇಕಾಗಿದ್ದ ವೈರಾಗ್ಯ ಅಲ್ಲೇ ಕಲ್ಲುಬೆಂಚಿನ ಮೇಲೆ ಉಳಿದುಹೋಗುತ್ತದೆ. ಮೊನ್ನೆ ಹೀಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ಇಬ್ಬರು ಕಾಲೇಜು ಹುಡುಗರು ಮಾತಿಗೆ ಕೂತಿದ್ದರು.

"ಏನ್ ಗುರು, ಕಾಲೇಜಿಗೆ ಹೋಗ್ಲಿಲ್ವಾ?"

"ಇಲ್ಲ ಗುರು, ನೆನ್ನೆಯಿಂದ ಜ್ವರ."

"ಮತ್ತೆ ಬಜ್ಜಿ ತಿಂತಾ ಇದೀಯಲ್ಲ ಗುರು?"

"ಬಾಯಿ ಕೆಟ್ಟೋಗಿತ್ತು ಗುರು."

ಕರೆದವನೂ ಗುರು, ಓಗೊಟ್ಟವನೂ ಗುರು. ನಡುವೆ ಒಬ್ಬನಿಗೆ ರೇಗಿ "ಲೋ ಶಿಷ್ಯ" ಅಂದ. ಅದಕ್ಕೂ ಆ ಗುರು ಓಗೊಟ್ಟ. ಗುರುವಿಗೂ ಶಿಷ್ಯನಿಗೂ ಪರಮಾರ್ಥದಲ್ಲಿ ಭೇದವಿಲ್ಲ ಎಂದು ತೋರಿಸಲು ನಮ್ಮ ವೇದಾಂತಿಗಳು ಭಾಷ್ಯಕ್ಕೆ ಟೀಕೆ, ಟೀಕೆಗೆ ಟಿಪ್ಪಣಿ ಬರೆದು ಬೆನ್ನು ಬಗ್ಗಿಸಿಕೊಂಡರು. ಈ ಹುಡುಗರು ಎರಡು ಮೆಣಸಿನಕಾಯಿ ಬಜ್ಜಿ ಮುಗಿಯುವುದರೊಳಗೆ ತೋರಿಸಿಬಿಟ್ಟರು.

ನಮ್ಮ ದೊಡ್ಡಪ್ಪ ಇದ್ದಿದ್ದರೆ ಆ ಹುಡುಗರನ್ನು ಕರೆದು ಕೂರಿಸಿಕೊಂಡು ಛಂದಸ್ಸು ಹೇಳಿಕೊಡುತ್ತಿದ್ದರು. ಅವರು ಮಿಡ್ಲ್ ಸ್ಕೂಲಿನ ಕನ್ನಡ ಮೇಷ್ಟ್ರು. ಗುರು ಎಂದರೆ ಅವರಿಗೆ ಮೊದಲು ನೆನಪಾಗುತ್ತಿದ್ದುದು ಅಡ್ಡಗೆರೆ, ಲಘು ಎಂದರೆ ಬಟ್ಟಲಿನಂಥ ಗುರುತು. ಸ್ಲೇಟಿನ ಮೇಲೆ ಪದ್ಯದ ಸಾಲು ಬರೆಸಿ, ಒಂದೊಂದು ಅಕ್ಷರದ ತಲೆಯ ಮೇಲೂ ಬಟ್ಟಲೋ ಗೆರೆಯೋ ಇಡಿಸುತ್ತಿದ್ದರು. ದೀರ್ಘಾಕ್ಷರ ಗುರು, ಸರಿ. ಆದರೆ ಹುಟ್ಟಾ ಲಘುವಾದ ಅಕ್ಷರವೂ ಅದರ ಮುಂದೆ ಒತ್ತಕ್ಷರ ಬಂದರೆ ಗುರುವಾಗುತ್ತದೆ. "ಅದರ ಯೋಗ್ಯತೆಯಿಂದಲ್ಲ ಕಣ್ರೋ, ಪಕ್ಕದವನ ಒತ್ತಿನಿಂದ" ಎನ್ನುತ್ತಿದ್ದರು. ಆಗ ಅದು ಬರೀ ವ್ಯಾಕರಣ ಎಂದುಕೊಂಡಿದ್ದೆ. ಆಮೇಲೆ ಟಿ.ವಿ.ಯಲ್ಲಿ ಬೆಳಗಿನ ಹೊತ್ತು ಪ್ರವಚನಗಳು ಶುರುವಾದ ಮೇಲೆ, ಯಾವ ಯಾವ ಲಘುಗಳು ಯಾರ ಯಾರ ಒತ್ತಿನಿಂದ ಗುರುಗಳಾದವು ಎಂದು ಕಣ್ಣಾರೆ ಕಂಡ ಮೇಲೆ, ದೊಡ್ಡಪ್ಪ ಸಮಾಜಶಾಸ್ತ್ರವನ್ನೂ ಸೇರಿಸಿಯೇ ಕಲಿಸಿದ್ದರು ಎಂದು ಗೊತ್ತಾಯಿತು.

ಅವರಿಗೆ ಬಹಳ ಇಷ್ಟವಾದ ವೃತ್ತ ತೋಟಕ. ಎರಡು ಲಘು ಒಂದು ಗುರು, ಎರಡು ಲಘು ಒಂದು ಗುರು. ಹೀಗೆ ನಾಲ್ಕು ಸಲ, ಸಾಲಿಗೆ ಹನ್ನೆರಡು ಅಕ್ಷರ. ಮಗು ಎರಡು ಹೆಜ್ಜೆ ತಟಪಟ ಓಡಿ ಅಮ್ಮನ ಕಾಲು ಹಿಡಿದುಕೊಂಡು ನಿಂತಂತೆ. ಈ ವೃತ್ತಕ್ಕೊಂದು ಕತೆ ಇದೆ. ಶಂಕರಾಚಾರ್ಯರ ಶಿಷ್ಯರಲ್ಲಿ ಗಿರಿ ಎಂಬವನು ಓದಿನಲ್ಲಿ ಹಿಂದೆ, ಗುರುಗಳ ಬಟ್ಟೆ ಒಗೆಯುವುದರಲ್ಲಿ ಮುಂದೆ. ಒಂದು ದಿನ ಪಾಠಕ್ಕೆ ಎಲ್ಲರೂ ಬಂದು ಕೂತಿದ್ದಾರೆ, ಗಿರಿ ಹೊಳೆಯಿಂದ ಬಂದಿಲ್ಲ. ಆಚಾರ್ಯರು ಶುರುಮಾಡುವುದಿಲ್ಲ. ಜಾಣ ಶಿಷ್ಯರಿಗೆ ಚಡಪಡಿಕೆ. ಆ ದಡ್ಡನಿಗಾಗಿ ಕಾಯುವುದೂ ಒಂದೇ, ಈ ಗೋಡೆಗೆ ಪಾಠ ಹೇಳುವುದೂ ಒಂದೇ ಎಂಬಂತೆ ಒಬ್ಬರು ಗೋಡೆಯ ಕಡೆ ನೋಡಿದರಂತೆ. ಆಗ ಗಿರಿ ಒದ್ದೆ ಬಟ್ಟೆಯ ಗಂಟು ಹೊತ್ತುಕೊಂಡು ಗುರುಸ್ತುತಿಯನ್ನು ಹಾಡುತ್ತಾ ಬಂದ. ಹಾಡಿದ್ದು ತೋಟಕ ವೃತ್ತದಲ್ಲಿ. ಅಂದಿನಿಂದ ಅವನು ತೋಟಕಾಚಾರ್ಯ. ಇದನ್ನು ಹೇಳಿ ಮುಗಿಸಿದ ಮೇಲೆ ದೊಡ್ಡಪ್ಪ ತಮ್ಮ ಪಂಚೆಯನ್ನು ನಮ್ಮ ಕೈಗೆ ಕೊಟ್ಟು ಕಪಿಲಾ ನದಿಗೆ ಕಳಿಸುತ್ತಿದ್ದರು. ನಾವು ಹತ್ತಾರು ವರ್ಷ ಒಗೆದೆವು. ಯಾರ ಬಾಯಲ್ಲೂ ಯಾವ ವೃತ್ತವೂ ಹೊರಡಲಿಲ್ಲ.

ದೊಡ್ಡಪ್ಪನ ಬತ್ತಳಿಕೆಯಲ್ಲಿ ಇನ್ನೊಂದು ಅಸ್ತ್ರವಿತ್ತು. ಶಂಕರರ ಹೆಸರಿನಲ್ಲಿ ಓಡಾಡುವ ಒಂದು ಶ್ಲೋಕ: ಭಾವನೆಯಲ್ಲಿ ಅದ್ವೈತವಿರಲಿ, ನಡೆನುಡಿಯಲ್ಲಿ ಬೇಡ, ಮೂರು ಲೋಕದ ಜೊತೆಗೂ ಅದ್ವೈತವಿರಲಿ, ಗುರುವಿನ ಜೊತೆ ಮಾತ್ರ ಬೇಡ ಎನ್ನುವ ಅರ್ಥದ್ದು. ನಾವು ಎದುರು ಮಾತಾಡಿದಾಗಲೆಲ್ಲ ಅದು ಹೊರಗೆ ಬರುತ್ತಿತ್ತು. ಕಾಲು ಒತ್ತಿಸಿಕೊಳ್ಳುವಾಗಲೂ. ಎಂಥ ವಿಚಿತ್ರ ನೋಡಿ! ಇರುವೆ, ಆನೆ, ಕಲ್ಲು, ನಕ್ಷತ್ರ ಎಲ್ಲವೂ ನಾನೇ ಎನ್ನಬಹುದು; ಅದನ್ನು ಹೇಳಿಕೊಟ್ಟವನ ಎದುರು ಹೋಗಿ "ನೀನೂ ನಾನೇ" ಎನ್ನಕೂಡದು. ಎರಡಿಲ್ಲ ಎಂಬ ಶಾಸ್ತ್ರವು ತನ್ನ ಬಾಗಿಲಲ್ಲೇ ಒಬ್ಬ ಎರಡನೆಯವನನ್ನು ಕಾವಲು ನಿಲ್ಲಿಸಿಕೊಂಡಿದೆ.

ಈ ತೊಡಕು ನಮ್ಮ ಮನೆಯಲ್ಲಿ ದಿನಾ ನಡೆಯುತ್ತಿತ್ತು. ಅಜ್ಜಿ ಬೆಳಿಗ್ಗೆ ಈಳಿಗೆಮಣೆಯ ಮೇಲೆ ಕೂತು ತರಕಾರಿ ಹೆಚ್ಚುವಾಗ ಹೇಳಿಕೊಳ್ಳುತ್ತಿದ್ದುದು ಗುರ್ವಷ್ಟಕ. ರೂಪವಿರಲಿ, ಹಣವಿರಲಿ, ವೇದವೇ ಬಾಯಿಗೆ ಬರಲಿ, ಗುರುವಿನ ಪಾದದಲ್ಲಿ ಮನಸ್ಸಿಲ್ಲದಿದ್ದರೆ ಏನು ಬಂತು ಎಂದು ಅದು ಶ್ಲೋಕಕ್ಕೆ ನಾಲ್ಕು ಸಲ ಕೇಳುತ್ತದೆ. ಅಜ್ಜಿ ಒಂದೊಂದು ಪ್ರಶ್ನೆಗೆ ಒಂದೊಂದು ಹುರುಳಿಕಾಯಿ ಕತ್ತರಿಸುತ್ತಿದ್ದಳು. ನೆಂಟರು ಬಂದ ದಿನ ಅಷ್ಟಕ ಎರಡು ಸುತ್ತು ಆಗುತ್ತಿತ್ತು. ಸಾಯಂಕಾಲ ನಡುಮನೆಯಲ್ಲಿ ಹೂಬತ್ತಿ ಹೊಸೆಯುತ್ತಾ ಹೇಳುತ್ತಿದ್ದುದು ನಿರ್ವಾಣಷಟ್ಕ. ನಾನು ಮನಸ್ಸಲ್ಲ, ಬುದ್ಧಿಯಲ್ಲ, ನನಗೆ ಹುಟ್ಟಿಲ್ಲ, ಸಾವಿಲ್ಲ ಎಂದು ಒಂದೊಂದನ್ನೇ ಕಿತ್ತು ಹಾಕುತ್ತಾ ಬಂದು, ಐದನೆಯ ಶ್ಲೋಕದಲ್ಲಿ ಗುರುವೂ ಇಲ್ಲ ಶಿಷ್ಯನೂ ಇಲ್ಲ ಎನ್ನುವ ಹಾಡು. ಎರಡೂ ಶಂಕರರದೇ ಎಂದು ಪ್ರತೀತಿ. ವಿದ್ವಾಂಸರು ಎರಡಕ್ಕೂ ತಕರಾರು ತೆಗೆಯುವುದುಂಟು. ಅಜ್ಜಿಗೆ ವಿದ್ವಾಂಸರ ಪರಿಚಯವಿರಲಿಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದ ಸೊಕ್ಕಿನಲ್ಲಿ ಒಂದು ದಿನ ಕೇಳಿಯೇಬಿಟ್ಟೆ. "ಬೆಳಿಗ್ಗೆ ಗುರು ಇಲ್ದಿದ್ರೆ ಏನ್ ಬಂತು ಅಂತೀಯ. ಸಾಯಂಕಾಲ ಗುರುವೇ ಇಲ್ಲ ಅಂತೀಯ. ಯಾವುದು ಅಜ್ಜಿ ನಿಜ?"

ಅಜ್ಜಿ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಅದು ಬೆಳಗಿನ ಹಾಡು ಕಣೋ. ಇದು ಸಾಯಂಕಾಲದ ಹಾಡು" ಅಂದಳು.

ಆಗ ನಕ್ಕಿದ್ದೆ. ಆಮೇಲೆ ಈ ಪ್ರಶ್ನೆಗೆ ದಪ್ಪ ದಪ್ಪ ಪುಸ್ತಕಗಳಲ್ಲಿ ಉತ್ತರ ಓದಿದ್ದೇನೆ. ಇದಕ್ಕಿಂತ ಚಿಕ್ಕದಾಗಿ ಯಾರೂ ಹೇಳಿರಲಿಲ್ಲ.

ಗುರುವಾರ ಮಾತ್ರ ಅಜ್ಜಿಯ ವೇಳಾಪಟ್ಟಿ ಬೇರೆ. ನಮ್ಮದು ಸ್ಮಾರ್ತರ ಮನೆ, ಶ್ರೀಕಂಠೇಶ್ವರನ ರಥಬೀದಿಯ ಹಿಂದಿನ ಓಣಿ. ಆದರೂ ಗುರುವಾರ ಸಂಜೆ ಅವಳು ರಾಯರ ಮಠಕ್ಕೆ ತಪ್ಪಿಸಿದವಳಲ್ಲ. ಮಂತ್ರಾಲಯದ ಮಠಕ್ಕೆ ಹಿಂದೆ ನಂಜನಗೂಡು ಮಠವೆಂದೇ ಹೆಸರಿತ್ತು. ಆ ಹೆಮ್ಮೆ ಊರಿನವರಿಗೆಲ್ಲ ಇದೆ, ಸ್ಮಾರ್ತರಿಗೂ ಇದೆ. ರಾಯರು ದ್ವೈತದ ಯತಿಗಳು, ಅದ್ವೈತವನ್ನು ಖಂಡಿಸಿ ಬರೆದವರು ಎಂದು ದೊಡ್ಡಪ್ಪ ನೆನಪಿಸಿದರೆ, "ಅವರು ಖಂಡಿಸಿದ್ದು ನಿನ್ನನ್ನ, ನನ್ನನ್ನಲ್ಲ" ಎಂದು ಅಜ್ಜಿ ಸೆರಗು ಹೊದ್ದು ಹೊರಡುತ್ತಿದ್ದಳು.

ಅಲ್ಲಿ ಹೇಳುವ ರಾಯರ ಸ್ತೋತ್ರ ಅಪ್ಪಣ್ಣಾಚಾರ್ಯರದು. ಅದರ ಹಿಂದಿನ ಕತೆ ಮಠದ ಕಂಬಕ್ಕೂ ಗೊತ್ತು. 1671ರ ಶ್ರಾವಣದಲ್ಲಿ ರಾಯರು ಬೃಂದಾವನ ಪ್ರವೇಶ ಮಾಡುವಾಗ ಮೆಚ್ಚಿನ ಶಿಷ್ಯ ಅಪ್ಪಣ್ಣಾಚಾರ್ಯರು ಊರಿನಲ್ಲಿರಲಿಲ್ಲ. ಸುದ್ದಿ ತಿಳಿದು ಓಡೋಡಿ ಬಂದು, ತುಂಬಿದ ತುಂಗಭದ್ರೆಯನ್ನು ದಾಟುತ್ತಾ ಗುರುಸ್ತೋತ್ರ ಕಟ್ಟುತ್ತಾ ಬಂದರು. ದಡ ಮುಟ್ಟುವ ಹೊತ್ತಿಗೆ ಕೊನೆಯ ಕಲ್ಲೂ ಮುಚ್ಚಿಯಾಗಿತ್ತು. ಕೊನೆಯ ಶ್ಲೋಕದ ಕೊನೆಯ ಸಾಲಿನಲ್ಲಿ ಗಂಟಲು ಕಟ್ಟಿ, ಹನ್ನೆರಡು ಅಕ್ಷರಕ್ಕೆ ಹಾಡು ನಿಂತಿತು. ಉಳಿದ ಏಳು ಅಕ್ಷರ ಬೃಂದಾವನದ ಒಳಗಿನಿಂದ ಕೇಳಿಸಿದುವಂತೆ. ದೊಡ್ಡಪ್ಪನಿಗೆ ಇದರಲ್ಲಿ ಕಂಡದ್ದು ಛಂದಸ್ಸಿನ ಸೊಗಸು: ಶಾರ್ದೂಲವಿಕ್ರೀಡಿತದಲ್ಲಿ ಹನ್ನೆರಡನೆಯ ಅಕ್ಷರಕ್ಕೇ ಯತಿ, ಅಂದರೆ ಉಸಿರು ನಿಲ್ಲುವ ಜಾಗ. "ಶಿಷ್ಯ ಯತಿಯ ಹತ್ತಿರ ನಿಂತ, ಯತಿ ಮುಂದುವರಿಸಿದರು" ಎಂದು ಅವರು ಶ್ಲೇಷೆ ಹೊಡೆದು ತಾವೇ ನಗುತ್ತಿದ್ದರು. ನನಗೆ ಕಾಣುವುದು ಬೇರೆ. ಲೋಕದಲ್ಲಿ ಗುರುವನ್ನು ಕುರಿತ ಹಾಡು ಸಾವಿರ ಇವೆ. ಹೊಗಳಿಸಿಕೊಳ್ಳುತ್ತಿರುವವರೇ ನಡುವೆ ಬಾಯಿ ಹಾಕಿ ತಪ್ಪಿದ ಸಾಲು ತುಂಬಿಕೊಟ್ಟದ್ದು ಇದೊಂದೇ ಇರಬೇಕು. ಒಳ್ಳೆಯ ಮೇಷ್ಟ್ರ ಕೈಯಲ್ಲಿ ತಡೆದುಕೊಳ್ಳಲು ಆಗುವುದಿಲ್ಲ. ಸನ್ಮಾನಪತ್ರದಲ್ಲೂ ಕಾಗುಣಿತ ತಿದ್ದುತ್ತಾರೆ.

ನರಸೀಪುರದ ಬಸ್ಸಿಗೆ ಕಾಯುತ್ತಿದ್ದೆನಲ್ಲ. ನರಸೀಪುರ ಎಂದಾಗ 'ಯಾವ ನರಸೀಪುರ' ಎಂದು ಕೇಳುವುದು ನಮ್ಮ ಕಡೆ ವಾಡಿಕೆ. ಹಾಸನದ ಕಡೆ ಹೊಳೆನರಸೀಪುರವಿದೆ, ಅಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವಿದೆ. ಹಿಂದೆ ಸ್ಕೂಲ್ ಮೇಷ್ಟ್ರಾಗಿದ್ದ ವೈ. ಸುಬ್ಬರಾಯರು 1920ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಸಂಸ್ಥೆ ಅದು. ಅವರೇ ಮುಂದೆ ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳಾದರು. ಶಂಕರಭಾಷ್ಯಗಳನ್ನು ಕನ್ನಡದಲ್ಲಿ ಕೂತು ಓದುವಂತೆ ಮಾಡಿದವರು. ಶಂಕರರ ಮೇಲೆ ಎಷ್ಟು ಭಕ್ತಿ ಎಂದರೆ, ನಡುವೆ ಬಂದ ದೊಡ್ಡ ದೊಡ್ಡ ವ್ಯಾಖ್ಯಾನಕಾರರು ಆಚಾರ್ಯರು ಹೇಳದ್ದನ್ನು ಹೇಳಿದ್ದಾರೆ ಎಂದು ಅವರೊಡನೆ ಆಯುಷ್ಯವಿಡೀ ಜಗಳವಾಡಿದರು. ಗುರುಭಕ್ತಿಗೆ ಹೀಗೂ ಒಂದು ರೂಪವಿದೆ. 1975ರಲ್ಲಿ ತೊಂಬತ್ತೈದು ದಾಟಿ ತೀರಿಕೊಂಡರು.

ಅವರನ್ನು ಕಾಣಬೇಕೆಂದು ದೊಡ್ಡಪ್ಪನ ಭಾವಮೈದ ಒಬ್ಬರು ದೂರದಿಂದ ಹೊರಟು, ಬಸ್ಸಿನ ಬೋರ್ಡಿನಲ್ಲಿ ನರಸೀಪುರ ಎಂದಷ್ಟೇ ಓದಿಕೊಂಡು ನಮ್ಮ ಟಿ. ನರಸೀಪುರದಲ್ಲಿ ಇಳಿದರು. ಇಳಿದು "ಇಲ್ಲಿ ವೇದಾಂತ ಹೇಳುವ ಸ್ವಾಮಿಗಳ ಮಠ ಎಲ್ಲಿ?" ಎಂದು ಕೇಳಿದರು. ಜನ ಪ್ರಾಮಾಣಿಕವಾಗಿಯೇ ಸೋಸಲೆಯ ದಾರಿ ತೋರಿಸಿದರು. ಸೋಸಲೆ ನರಸೀಪುರದ ಪಕ್ಕದ ಊರು, ಅಲ್ಲಿರುವುದು ವ್ಯಾಸರಾಜ ಮಠ, ಶುದ್ಧ ದ್ವೈತದ್ದು. ಅದ್ವೈತದ ಜಿಜ್ಞಾಸು ದ್ವೈತದ ಪಂಕ್ತಿಯಲ್ಲಿ ಕೂತು, ಹುಗ್ಗಿ ಎರಡು ಸಲ ಹಾಕಿಸಿಕೊಂಡು, ಊಟವಾದ ಮೇಲೆ ಸಂಶಯ ಕೇಳಲು ಬಾಯಿ ತೆರೆದಾಗ ನರಸೀಪುರ ಎರಡಿವೆ ಎಂದು ತಿಳಿಯಿತಂತೆ. "ನರಸೀಪುರದ ವಿಷಯದಲ್ಲಿ ನಾನು ಅಂದಿನಿಂದ ದ್ವೈತಿ" ಎಂದು ಅವರು ಸಾಯುವವರೆಗೂ ಹೇಳುತ್ತಿದ್ದರು.

ಆ ಮಠದ ಹೆಸರಿನಲ್ಲಿರುವ ವ್ಯಾಸರಾಯರು ಹುಟ್ಟಿದ್ದು ಬನ್ನೂರಿನಲ್ಲಿ, ಅದೂ ಇದೇ ತಾಲ್ಲೂಕು. ಬನ್ನೂರು ಎಂದರೆ ಇವತ್ತು ಜನ ಕುರಿ ನೆನೆಸಿಕೊಳ್ಳುತ್ತಾರೆ. ಪುರಂದರದಾಸರಿಗೂ ಕನಕದಾಸರಿಗೂ ಗುರುವಾದವರ ಊರು ಎಂದು ಹೇಳಿದರೆ, ಹೌದಾ ಎಂದು ಮತ್ತೆ ಮಾಂಸದ ರೇಟಿಗೆ ಬರುತ್ತಾರೆ. ಗುರುವಿಗೆ ಗುಲಾಮನಾಗದೆ ಮುಕ್ತಿಯಿಲ್ಲ ಎನ್ನುವ ಪುರಂದರದಾಸರ ಪದ ಕರ್ನಾಟಕದ ಯಾವ ಭಜನೆಮನೆಯಲ್ಲಿ ಇಲ್ಲ? ಅದ್ವೈತಿಗಳ ಮನೆಯಲ್ಲೂ ಇದೆ, ಲಿಂಗಾಯತರ ಮನೆಯಲ್ಲೂ ಇದೆ, ಆರ್ಕೆಸ್ಟ್ರಾದವರ ಪಟ್ಟಿಯಲ್ಲೂ ಇದೆ. ಆ ಪದವನ್ನು ಬರೆಯಿಸಿದ ಗುರು ಬನ್ನೂರಿನವರು ಎಂಬ ಬೋರ್ಡು ಬನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ಇದ್ದರೆ ಚೆನ್ನಾಗಿರುತ್ತಿತ್ತು.

ವ್ಯಾಸರಾಯರು ಕನಕನನ್ನು ಪರೀಕ್ಷಿಸಿದ ಕತೆಗಳನ್ನು ಅಜ್ಜಿ ನಮಗೆ ಬಾಳೆಹಣ್ಣು ಕೊಡುವಾಗಲೇ ಹೇಳುತ್ತಿದ್ದಳು. ಏಕಾದಶಿಯ ದಿನ ಶಿಷ್ಯರಿಗೆಲ್ಲ ಒಂದೊಂದು ಬಾಳೆಹಣ್ಣು ಕೊಟ್ಟು, ಯಾರೂ ನೋಡದ ಕಡೆ ತಿಂದು ಬನ್ನಿ ಎಂದರು. ಒಬ್ಬ ಬಾಗಿಲ ಸಂದಿಯಲ್ಲಿ ತಿಂದ, ಒಬ್ಬ ಕಂಬಳಿ ಮುಸುಕಿನಲ್ಲಿ ತಿಂದ. ಕನಕ ಹಣ್ಣನ್ನು ಹಾಗೇ ವಾಪಸು ತಂದ. ದೇವರು ನೋಡದ ಕಡೆ ಸಿಗಲಿಲ್ಲ ಎಂದ. ನಮ್ಮ ಮನೆಯಲ್ಲಿ ಈ ಕತೆ ಕೇಳಿದ ಮೇಲೆ ಯಾರೂ ಹಣ್ಣು ವಾಪಸು ಕೊಟ್ಟ ದಾಖಲೆ ಇಲ್ಲ. ಅಜ್ಜಿ ಕೊಡುತ್ತಿದ್ದುದು ನಂಜನಗೂಡು ರಸಬಾಳೆ. ಸಿಪ್ಪೆ ಕಾಗದದಷ್ಟು ತೆಳ್ಳಗೆ, ಕಪ್ಪು ಚುಕ್ಕೆ ಬಿದ್ದಾಗಲೇ ರುಚಿ, ಒಂದು ಹಣ್ಣು ಕೋಣೆಯಲ್ಲಿದ್ದರೆ ಬೀದಿಗೆಲ್ಲ ಗೊತ್ತಾಗುವ ಪರಿಮಳ. ಯಾರೂ ನೋಡದ ಕಡೆ ತಿನ್ನಬಹುದು, ಯಾರಿಗೂ ಗೊತ್ತಾಗದ ಹಾಗೆ ತಿನ್ನುವುದು ಸಾಧ್ಯವಿಲ್ಲ. ಈಗ ಸೊರಗು ರೋಗ ಬಡಿದು ರಸಬಾಳೆಯ ತೋಟಗಳೇ ಅಪರೂಪ. ಭೌಗೋಳಿಕ ಗುರುತಿನ ಸರ್ಟಿಫಿಕೇಟು ಬಂತು, ಹಣ್ಣು ಹೋಯಿತು.

ಇನ್ನೊಂದು ಕತೆಯಲ್ಲಿ ವ್ಯಾಸರಾಯರು ತುಂಬಿದ ಸಭೆಯಲ್ಲಿ, ನಮ್ಮಲ್ಲಿ ಮೋಕ್ಷಕ್ಕೆ ಯಾರು ಹೋಗುತ್ತಾರೆ ಎಂದು ಕೇಳುತ್ತಾರೆ. ಪಂಡಿತರೆಲ್ಲ ತಲೆ ತಗ್ಗಿಸುತ್ತಾರೆ. ಕನಕ ಎದ್ದು, "ನಾನು ಹೋದರೆ ಹೋದೇನು" ಎನ್ನುತ್ತಾನೆ. ಸಭೆಗೆ ಸಿಟ್ಟು. ವ್ಯಾಸರಾಯರಿಗೆ ನಗು. ಹೋಗಬೇಕಾದ್ದು 'ನಾನು' ಎಂಬುದು. ಅದು ಹೋದರೆ ಹೋದೇನು. ದ್ವೈತದ ಪೀಠದಲ್ಲಿ ಕೂತ ಗುರುವಿನ ಎದುರು ನಿಂತು ಹೇಳಿದ ಈ ಮೂರು ಪದಗಳನ್ನು ಅದ್ವೈತಿಗಳು ತಮ್ಮದೆಂದೇ ಎತ್ತಿಕೊಂಡು ಹೋಗಿದ್ದಾರೆ, ಪ್ರವಚನಕ್ಕೊಂದು ಸಲ ಬಳಸುತ್ತಾರೆ. ಯಾರೂ ಬಾಡಿಗೆ ಕೇಳಿಲ್ಲ. ದಾಸರ ಪದಗಳ ಕೊನೆಯಲ್ಲಿ ಬರುವ ಅಂಕಿತವನ್ನು ನೋಡಿದರೂ ಹೀಗೆಯೇ. ಅಂಕಿತ ಕೊಡುವವರು ಗುರು, ಹಾಕಿಕೊಳ್ಳುವವನು ಶಿಷ್ಯ. ಅಲ್ಲಿರುವ ಹೆಸರು ಗುರುವಿನದೂ ಅಲ್ಲ, ಶಿಷ್ಯನದೂ ಅಲ್ಲ, ದೇವರದು. ಸಹಿ ಹಾಕುವ ಜಾಗದಲ್ಲಿ 'ನಾನು' ಹೋಗಿಯೇ ಇರುತ್ತದೆ.

ಗುರು ಎಂದರೆ ಬರೀ ಮಡಿ, ಮಠ, ಹುಗ್ಗಿ ಎಂದು ನಾನು ಅಂದುಕೊಂಡಿದ್ದುದು ತಪ್ಪು ಎಂದು ತಿಳಿದದ್ದು ನಮ್ಮ ಮನೆ ಜಗಲಿಯ ಮುಂದೆ. ಸುಗ್ಗಿಯ ಕಾಲಕ್ಕೆ ನೀಲಗಾರರು ಬರುತ್ತಿದ್ದರು. ಕೈಯಲ್ಲಿ ತಂಬೂರಿ, ಗಗ್ಗರ. ಹಾಡುತ್ತಿದ್ದುದು ಮಂಟೇಸ್ವಾಮಿ, ಸಿದ್ದಪ್ಪಾಜಿಯ ಕತೆ. ಆ ಗುರು ಹೂಮಾಲೆ ಹಾಕಿಸಿಕೊಂಡು ಕೂರುವವನಲ್ಲ. ಮೈತುಂಬ ಕುಷ್ಠ ತುಂಬಿಕೊಂಡು, ಸತ್ತ ಕರು, ಹೆಂಡದ ಗಡಿಗೆ ಹೊತ್ತುಕೊಂಡು ಕಲ್ಯಾಣದ ಬಾಗಿಲಿಗೆ ಹೋಗಿ, ನಿಜವಾದ ಶರಣ ಯಾರು ನೋಡೋಣ ಎಂದು ನಿಲ್ಲುವವನು. ಅವನಿಗೆ 'ಧರೆಗೆ ದೊಡ್ಡವರು' ಎಂದು ಹೆಸರು. ಆಚಾರಿಗಳ ಮನೆಯ ಕೆಂಪಾಚಾರಿಯ ಮೇಲೆ ಕಣ್ಣಿಟ್ಟು, ಆ ಹುಡುಗನನ್ನು ಬಿಡದೆ ಕಾಡಿ ಶಿಶುಮಗನನ್ನಾಗಿ ಮಾಡಿಕೊಳ್ಳುತ್ತಾನೆ. ಆಮೇಲೆ ಅವನನ್ನೇ ಹಲಗೂರಿಗೆ, ಅವನ ಕುಲದವರ ಬಾಗಿಲಿಗೇ, ಕಬ್ಬಿಣ ಭಿಕ್ಷೆ ಬೇಡಲು ಕಳಿಸುತ್ತಾನೆ. ಹೋದ ಸಿದ್ದಪ್ಪಾಜಿಗೆ ಅಲ್ಲಿ ಪರೀಕ್ಷೆಗಳ ಮೇಲೆ ಪರೀಕ್ಷೆ. ಬಿಟ್ಟುಬಂದ ಕುಲದ ಬಾಗಿಲಿಗೇ ಬೇಡಲು ಕಳಿಸುವುದು! 'ನಾನು' ಹೋಗಿದೆಯೋ ಇಲ್ಲವೋ ನೋಡಲು ಇದಕ್ಕಿಂತ ಒಳ್ಳೆಯ ಉಪಾಯ ಯಾವ ಉಪನಿಷತ್ತಿನ ಋಷಿಗೂ ಹೊಳೆದಿರಲಿಲ್ಲ.

ಅಜ್ಜಿ ಅವರಿಗೆ ಮೊರದಲ್ಲಿ ಅಕ್ಕಿ ಹಾಕಿ ಹೊಸ್ತಿಲ ಒಳಗೆ ನಿಂತು ಕೇಳುತ್ತಿದ್ದಳು. ಅವರು ಹೊರಗೆ, ಅವಳು ಒಳಗೆ. ಆ ಹೊಸ್ತಿಲನ್ನು ಅವಳ ಬೆಳಗಿನ ಹಾಡೂ ದಾಟಲಿಲ್ಲ, ಸಾಯಂಕಾಲದ ಹಾಡೂ ದಾಟಲಿಲ್ಲ. ಅದನ್ನು ಈಗ ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ.

ಇನ್ನು ಹೇಳಲೇಬೇಕಾದ್ದು ನರಸೀಪುರದ ಪ್ರವಾಸ. ಒಂದು ಮಾಘದ ಹುಣ್ಣಿಮೆಗೆ ದೊಡ್ಡಪ್ಪನ ಮುಂದಾಳತ್ವದಲ್ಲಿ ನಾವು ಹತ್ತು ಜನ ತಿರುಮಕೂಡಲಿನ ಸಂಗಮಕ್ಕೆ ಹೋದೆವು. ಕಾವೇರಿ, ಕಪಿಲೆ ಕಣ್ಣಿಗೆ ಕಾಣುತ್ತವೆ, ಸ್ಫಟಿಕ ಸರೋವರ ನಂಬಿದವರಿಗೆ ಕಾಣುತ್ತದೆ. ಅಗಸ್ತ್ಯೇಶ್ವರನ ದರ್ಶನವಾಯಿತು. ಹೊಳೆ ದಾಟಿ ಗುಂಜಾ ನರಸಿಂಹನ ದರ್ಶನವಾಯಿತು. ಕೈಯಲ್ಲಿ ಗುಲಗಂಜಿ ಹಿಡಿದ ದೇವರು; ತೂಗಿ ನೋಡಿದರೆ ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಐತಿಹ್ಯ. "ಅಂದ್ರೆ ಕಾಶಿ ಲಘು, ನರಸೀಪುರ ಗುರು" ಎಂದು ದೊಡ್ಡಪ್ಪ ಅಲ್ಲೂ ಪಾಠ ಬಿಡಲಿಲ್ಲ. ಪುಳಿಯೋಗರೆ, ಮೊಸರನ್ನ ಮುಗಿಸಿ ಸಂಜೆಯ ಬಸ್ಸು ಹತ್ತಿದೆವು. ಅಜ್ಜಿ ತಲೆ ಎಣಿಸಿದಳು. ಒಂಬತ್ತು.

"ಒಬ್ರು ಕಮ್ಮಿ ಕಣೋ" ಅಂದಳು.

ದೊಡ್ಡಪ್ಪನ ಮುಖ ಅರಳಿತು. ಜನ್ಮವಿಡೀ ಇಂಥ ಗಳಿಗೆಗೆ ಕಾದವರಂತೆ ಎದ್ದು ನಿಂತರು. ಹತ್ತು ಜನ ಮೂಢರು ಹೊಳೆ ದಾಟಿದ್ದು, ದಾಟಿ ಎಣಿಸಿದ್ದು, ಎಣಿಸಿದವರೆಲ್ಲ ತಮ್ಮನ್ನು ಬಿಟ್ಟು ಎಣಿಸಿದ್ದು, ಹತ್ತನೆಯವನು ಸತ್ತನೆಂದು ಅತ್ತದ್ದು, ದಾರಿಹೋಕನೊಬ್ಬ ಬಂದು "ಹತ್ತನೆಯವನು ನೀನೇ" ಎಂದದ್ದು. ಶಂಕರರು ಭಾಷ್ಯದಲ್ಲಿ ನೆನೆಸಿಕೊಳ್ಳುವ ಕತೆ ಇದು. ವಿದ್ಯಾರಣ್ಯರ ಪಂಚದಶಿಯಂತೂ ಇದನ್ನು ಅಜ್ಞಾನ, ಆವರಣ, ವಿಕ್ಷೇಪದಿಂದ ಹಿಡಿದು ತೃಪ್ತಿಯವರೆಗೆ ಏಳು ಅವಸ್ಥೆಗಳಾಗಿ ಬಿಡಿಸಿಡುತ್ತದೆ. ಆ ದಾರಿಹೋಕನೇ ಗುರು. ಅವನು ಹೊಸದೇನನ್ನೂ ತಂದುಕೊಡುವುದಿಲ್ಲ, ಇದ್ದವನನ್ನೇ ತೋರಿಸಿ ತನ್ನ ದಾರಿ ಹಿಡಿಯುತ್ತಾನೆ. ಎಲ್ಲವನ್ನೂ ದೊಡ್ಡಪ್ಪ ಸೊಗಸಾಗಿ ಹೇಳಿದರು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿ ಕೇಳಿದ. ಹಿಂದಿನ ಸೀಟಿನ ಯಜಮಾನರೊಬ್ಬರು ಕೈಮುಗಿದರು. "ಅಮ್ಮಾ, ನಿನ್ನ ನೀನೇ ಬಿಟ್ಟು ಎಣಿಸಿದೀಯ. ಹತ್ತನೆಯವಳು ನೀನೇ" ಎಂದು ದೊಡ್ಡಪ್ಪ ಮಂಗಳ ಹಾಡಿ, ಕಂಡಕ್ಟರಿಗೆ ರೈಟ್ ಹೇಳಿಸಿ, ತೃಪ್ತಿಯ ಅವಸ್ಥೆಯಲ್ಲಿ ಕೂತುಕೊಂಡರು.

ಬಸ್ಸು ಎರಡು ಮೈಲಿ ಹೋಗಿತ್ತು. ಅಜ್ಜಿ ಇನ್ನೂ ಎಣಿಸುತ್ತಲೇ ಇದ್ದಳು. ಈ ಸಲ ಮೊದಲು ತನ್ನ ಎದೆ ಮುಟ್ಟಿಕೊಂಡು ಒಂದು ಎಂದಳು. ಕೊನೆಗೆ ಅವಳು ಹೇಳಿದ್ದು ಇಡೀ ಬಸ್ಸಿಗೆ ಕೇಳಿಸಿತು: "ನನ್ನ ಸೇರಿಸಿಯೇ ಒಂಬತ್ತು ಕಣೋ, ಮಂಕೆ!"

ಚಿಕ್ಕಪ್ಪನ ಎರಡನೆಯ ಮಗ ಇರಲಿಲ್ಲ. ಬಸ್ಸು ನಿಂತಿತು, ಕೈಮುಗಿದಿದ್ದ ಯಜಮಾನರು ದೊಡ್ಡಪ್ಪನನ್ನು ದುರುಗುಟ್ಟಿ ನೋಡಿದರು. ಬೇರೆ ಗಾಡಿ ಹಿಡಿದು ವಾಪಸು ಹೋಗಿ ನೋಡಿದರೆ, ಹುಡುಗ ಹೊಳೆಯ ದಡದಲ್ಲಿ ಹರಿಗೋಲಿನವನ ಪಕ್ಕ ಕೂತು ಹುಟ್ಟು ಹಾಕುವುದನ್ನು ಕಲಿಯುತ್ತಿದ್ದ. ಎಲ್ಲಿ ಕಳೆದುಹೋಗಿದ್ದೆಯೋ ಎಂದು ಚಿಕ್ಕಪ್ಪ ಕೂಗಾಡಿದರೆ, "ನಾನೆಲ್ಲಿ ಕಳೆದೋಗಿದ್ದೆ? ಇಲ್ಲೇ ಇದ್ನಲ್ಲ" ಅಂದ.

ಪಂಚದಶಿಯ ಪ್ರಕಾರ ಇದಕ್ಕಿಂತ ಶುದ್ಧವಾದ ಉತ್ತರವಿಲ್ಲ. ಅಜ್ಜಿ ಅವನ ಬೆನ್ನಿಗೆ ಎರಡು ಬಿಟ್ಟಳು, ಆಮೇಲೆ ಅಪ್ಪಿಕೊಂಡು ಅತ್ತಳು. ದೊಡ್ಡಪ್ಪ ಆ ಕತೆಯನ್ನು ಮತ್ತೆಂದೂ ಹೇಳಲಿಲ್ಲ. ನನಗೆ ಮಾತ್ರ ಅಂದಿನಿಂದ, ಎಲ್ಲವೂ ಒಂದೇ, ಬಂದದ್ದೂ ಇಲ್ಲ ಹೋದದ್ದೂ ಇಲ್ಲ ಎಂದು ಯಾರಾದರೂ ಶುರುಮಾಡಿದ ಕೂಡಲೇ ಜೊತೆಯಲ್ಲಿ ಬಂದ ಮಕ್ಕಳನ್ನು ಎಣಿಸಿಕೊಳ್ಳುವ ಅಭ್ಯಾಸ.

ಅದೇ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದವರು ಪಿಟೀಲು ಚೌಡಯ್ಯನವರು. ಬಿಡಾರಂ ಕೃಷ್ಣಪ್ಪನವರ ಗುರುಕುಲದಲ್ಲಿ ಕಲಿತು, ಪಿಟೀಲಿಗೆ ಏಳು ತಂತಿ ಕಟ್ಟಿ, ಮೈಕಿಲ್ಲದ ಕಾಲದಲ್ಲಿ ದೂರ ಕೂತವರಿಗೂ ಕೇಳಿಸಿದವರು. ಕೃತಿಗಳಲ್ಲಿ ತಮ್ಮ ಊರಿನ ಹೆಸರನ್ನೇ 'ತ್ರಿಮಕುಟ' ಎಂದು ಅಂಕಿತ ಮಾಡಿಕೊಂಡರು. ಅವರ ಕಚೇರಿ ರೇಡಿಯೋದಲ್ಲಿ ಬರುತ್ತಿದ್ದ ರಾತ್ರಿ ದೊಡ್ಡಪ್ಪ ಮುತ್ತುಸ್ವಾಮಿ ದೀಕ್ಷಿತರ ವಿಷಯ ತೆಗೆದರು. ಅದ್ವೈತವನ್ನು ಅರೆದು ಕುಡಿದ ದೀಕ್ಷಿತರ ಅಂಕಿತ 'ಗುರುಗುಹ'. ಗುರುಗುಹನ ಮೇಲೆ ಅವರು ಎಂಟು ವಿಭಕ್ತಿಯಲ್ಲೂ ಕೃತಿ ಕಟ್ಟಿದ್ದಾರೆ. ಗುರುವು, ಗುರುವನ್ನು, ಗುರುವಿನಿಂದ, ಗುರುವಿಗೆ ಎಂದು ನಡೆದು ಕೊನೆಗೆ ಸಂಬೋಧನೆ. ವ್ಯಾಕರಣದಲ್ಲಿ ಸಂಬೋಧನೆಯನ್ನು ವಿಭಕ್ತಿಗಳ ಸಾಲಿಗೆ ಸೇರಿಸಬೇಕೇ ಬೇಡವೇ ಎಂಬ ಜಗಳ ಹಳೆಯದು. ದೊಡ್ಡಪ್ಪ ಬೇಡ ಎನ್ನುವ ಪಕ್ಷ. ವಾಕ್ಯದ ಉಳಿದ ಪದಗಳ ಜೊತೆ ಅದಕ್ಕೆ ಸಂಬಂಧವೇ ಇಲ್ಲ, ಅದು ಬರೀ ಕೂಗು ಎನ್ನುತ್ತಿದ್ದರು.

ಬತ್ತಿ ಹೊಸೆಯುತ್ತಿದ್ದ ಅಜ್ಜಿ, "ಕೂಗದೆ ಹಾಡೋದು ಹೇಗೋ?" ಅಂದಳು.

ನನಗೆ ಇವತ್ತಿಗೂ ಅಜ್ಜಿಯ ಪಕ್ಷವೇ ಸರಿ. ಶಾಸ್ತ್ರ ಬರೆಯುವವನು ಎರಡನೆಯವನಿಲ್ಲದೆ ಬರೆಯಬಹುದು. ಹಾಡುವವನಿಗೆ ಕರೆಯಲು ಒಬ್ಬರು ಬೇಕು. ಕೊಳ್ಳೇಗಾಲದ ಕಡೆ ಶಂಭುಲಿಂಗನ ಬೆಟ್ಟದಲ್ಲಿದ್ದ ನಿಜಗುಣ ಶಿವಯೋಗಿಗಳು ಗದ್ಯದಲ್ಲಿ ವಿವೇಕಚಿಂತಾಮಣಿಯಂಥ ವಿಶ್ವಕೋಶವನ್ನು ನಿರ್ಲಿಪ್ತವಾಗಿ ಬರೆದುಹಾಕಿದರು. ಕೈವಲ್ಯ ಪದ್ಧತಿಯ ಪದಗಳಿಗೆ ಬಂದಾಗ ಅವರಿಗೂ ಬೆಟ್ಟದ ಶಂಭುಲಿಂಗನನ್ನು ಕೂಗದೆ ಆಗಲಿಲ್ಲ. ಬಸ್ ಸ್ಟ್ಯಾಂಡಿನ ಹುಡುಗರೂ ಗುರುವನ್ನು ಬಳಸುವುದು ಸಂಬೋಧನೆಯಲ್ಲೇ. ಉಳಿದ ಏಳು ವಿಭಕ್ತಿಗಳು ಅವರಿಗೆ ಬೇಕಾಗಿಲ್ಲ.

1989ರಿಂದ ಸಂಗಮದಲ್ಲಿ ಮೂರು ವರ್ಷಕ್ಕೊಮ್ಮೆ ಕುಂಭಮೇಳ ಎಂದು ನಡೆಯುತ್ತಿದೆ. 2025ರ ಫೆಬ್ರುವರಿಯಲ್ಲಿ ನಡೆದಾಗ ನಾನೂ ಹೋಗಿದ್ದೆ. ವೇದಿಕೆಯ ಮೇಲೆ ಗುರುಗಳು ಸಾಲಾಗಿ ಕೂತಿದ್ದರು, ಕೆಳಗೆ ಜನಸಾಗರ. ಹತ್ತನೆಯವನೂ ಬಂದಿದ್ದ, ಮೊಮ್ಮಗನನ್ನು ಕರೆದುಕೊಂಡು. ಹುಡುಗನ ಮಣಿಕಟ್ಟು ಹಿಡಿದ ಕೈ ಸಡಿಲಿಸಲೇ ಇಲ್ಲ.

ಅಜ್ಜಿಯ ಹಾಡಿನ ಪುಸ್ತಕ ಈಗ ನನ್ನ ಹತ್ತಿರ ಇದೆ. ಕೈಬರಹದ ನೋಟ್ ಬುಕ್, ಮೂಲೆಯಲ್ಲಿ ಎಣ್ಣೆಯ ಕಲೆ. ಮೊದಲ ಪುಟದ ತಲೆಯ ಮೇಲೆ ಶ್ರೀ ಗುರುಭ್ಯೋ ನಮಃ. ಅದರ ಕೆಳಗೆ ಗುರುವಿನ ಹೆಸರಿದೆಯೇ ಎಂದು ನೋಡಿದರೆ, ಇಲ್ಲ; 1971ರ ಶ್ರಾವಣ ಮಾಸದ ಹಾಲಿನ ಲೆಕ್ಕ. ಎರಡನೆಯ ಪುಟದಿಂದ ಹಾಡುಗಳು. ಗುರ್ವಷ್ಟಕ ಎಡಗಡೆ, ನಿರ್ವಾಣಷಟ್ಕ ಬಲಗಡೆ, ಮುಚ್ಚಿದರೆ ಒಂದರ ಮೇಲೊಂದು ಬರುತ್ತವೆ. ಹಾಲಿನ ಲೆಕ್ಕದ ಕೊನೆಯಲ್ಲಿ ಮೂರು ರೂಪಾಯಿ ಎಪ್ಪತ್ತೈದು ಪೈಸೆ ಬಾಕಿ ತೋರಿಸಿದೆ, ಚುಕ್ತಾ ಎಂದು ಎಲ್ಲೂ ಬರೆದಿಲ್ಲ. ಶ್ರೀಕಂಠೇಶ್ವರನ ರಥಬೀದಿಯ ಹಿಂದಿನ ಓಣಿಗೆ ಆ ಕಾಲದಲ್ಲಿ ಹಾಲು ಹಾಕುತ್ತಿದ್ದವರ ಮನೆಯವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಬಂದು ತೆಗೆದುಕೊಂಡು ಹೋಗಬೇಕು.